ಡ್ರೈವರಣ್ಣನ ಬಿಸಿಲು ಬೋಟು

ಮಾರಿಕಣಿವೆ ಹಿನ್ನೀರಿನ ಈ ದಡದಲ್ಲಿ ನಾನು, ರೈತರ ಐದಾರು ಪಂಪ್‌ಸೆಟ್ಟು, ಎರಡು ಮೇಕೆ ಬಿಟ್ಟರೆ ನರಪಿಳ್ಳೆ ಇಲ್ಲ. ಪಂಪಿನ ವೈರು ಕಳುವಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಯಜಮಾನರು ತೀರಿಹೋದ ಮೇಲೆ ಮಾತಾಡುವವರಿಲ್ಲದೆ ನನ್ನ ನಾಲಿಗೆ ಒಣ ಹುಣಸೆಹಣ್ಣಿನ ಹಾಗೆ ಬಾಯಲ್ಲಿ ಅಂಟಿಕೊಂಡಿತ್ತು. ನನ್ನ ಮದುವೆಯ ಕಥೆಯನ್ನು ಮೇಕೆಗಳಿಗೆ ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನಾನು ತಪ್ಪಿದರೆ ಅವೇ ತಿದ್ದುತ್ತವೆ.

ಒಂದು ಸೋಮವಾರ ಮಧ್ಯಾಹ್ನ ದಡಕ್ಕೆ ಬೋಟೊಂದು ಬಂದು ನಿಂತಿತು. ಸದ್ದಿಲ್ಲ, ಹೊಗೆಯಿಲ್ಲ. ಚಾವಣಿಯ ಮೇಲೆ ಕರಿ ಗಾಜಿನ ಹಲಗೆಗಳು, ಒಳಗೆ ಒಂದು ಮಂಚ, ಒಂದು ಗ್ಯಾಸ್ ಒಲೆ. ಖಾಕಿ ಪ್ಯಾಂಟಿನ, ಬಿಳಿ ಮೀಸೆಯ ಗಂಡಸೊಬ್ಬರು ಇಳಿದರು.

"ಅಕ್ಕಾ, ಒಂಚೂರು ಹೊತ್ತು ಇಲ್ಲಿ ನಿಲ್ಲಿಸ್ಕಳ್ಲಾ? ಚಾರ್ಜ್ ಖಾಲಿ ಆಗೈತೆ."

"ನಿಲ್ಲಿಸ್ಕಳ್ರಿ, ಕೆರೆ ನಮ್ಮಪ್ಪಂದಲ್ಲ. ಏನಿದು, ತೇಲೋ ಮನೇನಾ, ಮದುವೆ ಮಂಟಪಾನಾ?"

ಅವರು ಹಿರಿಯೂರಿನ ಪರಮೇಶ್ವರಪ್ಪ. ಭೂಮಿಗೆ ಹತ್ತು ಸುತ್ತು ಬರುವಷ್ಟು ಬಸ್ಸು ಓಡಿಸಿ ನಿವೃತ್ತರಾದವರು. ಈಗ ರಸ್ತೆ ಕಂಡರೆ ವಾಕರಿಕೆ ಬರುತ್ತದಂತೆ. ಮಗಳು ದಿವ್ಯಾಳನ್ನು ಹಿನ್ನೀರಿನ ಆ ತುದಿಗೆ, ಹೊಸದುರ್ಗದ ಕಡೆ ಕೊಟ್ಟಿದ್ದಾರೆ. ಪ್ರತಿ ವಾರ ನೀರಿನ ಮೇಲೆಯೇ ಹೋಗಿ ಮೊಮ್ಮಗಳನ್ನು ನೋಡಿ ಬರಬೇಕೆಂದು ಈ ಬೋಟು ಮಾಡಿಸಿದ್ದಾರೆ. ಬಿಸಿಲು ಗಾಜಿಗೆ ಬಿದ್ದು ಕರೆಂಟಾಗುತ್ತದೆ, ಅದು ಸೀಟಿನ ಕೆಳಗಿನ ಬ್ಯಾಟರಿಗೆ ತುಂಬುತ್ತದೆ, ಅದರಿಂದ ಮೋಟಾರು ತಿರುಗುತ್ತದೆ. ಒಂದು ತೊಟ್ಟು ಡೀಸೆಲ್ ಬೇಡ.

"ಇಷ್ಟೆಲ್ಲ ಇದ್ದು ಅರ್ಧ ದಾರೀಲೇ ಯಾಕೆ ಸುಸ್ತಾತು?" ಎಂದೆ.

ಅವರು ಮೀಸೆ ಉಜ್ಜಿಕೊಂಡರು. "ಮೋಟಾರು ಕೊಟ್ಟೋನು ಹೇಳಿದ್ದ ಅಕ್ಕಾ. ನಡ್ಕಂಡು ಹೋದಂಗೆ ಹೋದ್ರೆ ಸಂಜೆಯೊಳಗೆ ಆ ತುದಿ ಮುಟ್ತೀರಿ, ಜೋರು ಮಾಡಿದ್ರೆ ಬ್ಯಾಟರಿ ಪೂರಾ ನೆಕ್ಬಿಡ್ತೈತೆ ಅಂತ. ನಂಗೆ ಕೈ ತಡಿಯಲ್ಲ. ಮುಂದೆ ಖಾಲಿ ಕಂಡ್ರೆ ತಳ್ಳೇಬಿಡ್ತೀನಿ."

"ನೀರಲ್ಲಿ ಯಾವ ಬಸ್ಸು ಸೈಡ್ ಹೊಡಿಯಾಕೆ ಹೊಂಟಿದ್ರಿ ಡ್ರೈವರಣ್ಣ?"

ಅವರು ನಕ್ಕರೆ ಎದುರಿನ ಗುಡ್ಡ ಅಲ್ಲಾಡಿತು.

ಅವತ್ತಿನಿಂದ ಸೋಮವಾರ ಹೋಗುವಾಗ, ಬುಧವಾರ ಬರುವಾಗ, ಬೋಟು ನನ್ನ ದಡದಲ್ಲಿ ನಿಲ್ಲತೊಡಗಿತು. ಬ್ಯಾಟರಿ ತುಂಬುವವರೆಗೆ ಅವರಿಗೆ ಬೇರೆ ಕೆಲಸವಿಲ್ಲ, ನನಗೆ ಯಾವತ್ತೂ ಇಲ್ಲ. ಮುದ್ದೆ ಉಣ್ಣುತ್ತ ಅವರು ಚಳ್ಳಕೆರೆ ರಸ್ತೆಯ ಪ್ರಯಾಣಿಕರ ಜಗಳ ಹೇಳುವರು, ನಾನು ಮಾತಲ್ಲೇ ಎಲ್ಲೂ ಇಲ್ಲದ ಚಿರತೆಯನ್ನು ಪಂಪಿನ ಶೆಡ್ಡಿಗೆ ಕರೆತಂದು ಕಟ್ಟಿಹಾಕುವೆ. ಉಳಿದ ದಿನಗಳಲ್ಲಿ ನಾನು ಆ ಎರಡು ದಿನಕ್ಕೆ ಮಾತು ಕೂಡಿಡುತ್ತಿದ್ದೆ. ಅವರು ಜೋರು ಮಾಡಿ ಬಂದಷ್ಟೂ ಬ್ಯಾಟರಿ ಖಾಲಿ, ಬ್ಯಾಟರಿ ಖಾಲಿಯಾದಷ್ಟೂ ನಿಲ್ಲುವ ಹೊತ್ತು ಹೆಚ್ಚು. ಆ ಮೋಟಾರಿನವನ ಮಾತನ್ನು ಅವರು ಕೇಳದಿದ್ದುದೇ ನನ್ನ ಪುಣ್ಯ ಎಂದುಕೊಂಡಿದ್ದೆ.

ಆಷಾಢದ ಸೋಮವಾರ. ಗಾಳಿ ನನ್ನ ತಲೆಯ ಮೇಲಿನ ತಗಡನ್ನಲ್ಲ, ತಲೆಯನ್ನೇ ಕಿತ್ತೊಯ್ಯುವ ಹಾಗಿತ್ತು. ಸೂರ್ಯನ ಸುಳಿವಿಲ್ಲ. ಇಂಥ ದಿನ ಬರಲಾರರು ಎಂದುಕೊಳ್ಳುವಷ್ಟರಲ್ಲಿ ದೂರದಲ್ಲಿ ಬೋಟು ಕಂಡಿತು. ಗಾಳಿಗೆ ಎದೆಕೊಟ್ಟು ಬರುತ್ತಿತ್ತು, ನೀರಿನ ನಡುವೆ ನಿಂತುಬಿಟ್ಟಿತು. ಆಮೇಲೆ ಅಡ್ಡಡ್ಡಲಾಗಿ ಒಣಮರಗಳ ಕಡೆಗೆ ತೇಲಿಹೋಯಿತು. ನೀರು ಏರಿದಾಗ ಮುಳುಗಿ ಸತ್ತ ಮರಗಳವು, ಕೊಂಬೆ ಭರ್ಜಿಯ ಹಾಗೆ.

ಸೆರಗು ಬೀಸಿದೆ, ಕೂಗಿದೆ. ಗಾಳಿಗೆ ಮೀನು ಹಿಡಿಯುವವರೂ ತೆಪ್ಪ ಇಳಿಸಿರಲಿಲ್ಲ. ನಾನು ಫೋನು ಕಂಡವಳಲ್ಲ. ಕತ್ತಲಾಗುವವರೆಗೆ ದಡದಲ್ಲೇ ಇದ್ದೆ. ಕತ್ತಲಾದ ಮೇಲೂ ಇದ್ದೆ. ಯಜಮಾನರು ಹೋದ ದಿನವೂ ನಾನು ಅಷ್ಟು ದೇವರುಗಳ ಹೆಸರು ಹೇಳಿರಲಿಲ್ಲ.

ಬೆಳಗ್ಗೆ ಮೋಡ ಹರಿಯಿತು. ಹೊತ್ತೇರಿದ ಮೇಲೆ ಬೋಟು ತೆವಳಿಕೊಂಡು ದಡಕ್ಕೆ ಬಂತು. ಅವರ ತುಟಿ ನೇರಳೆ ಹಣ್ಣಾಗಿತ್ತು. ಬಿಸಿ ಅಂಬಲಿ ಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದರು.

"ಗಾಳೀಗೆ ಎದುರು ಜೋರು ಮಾಡಿದೆ. ಬಿಸಿಲೂ ಇರ್ಲಿಲ್ಲ. ಒಂದು ಮರಕ್ಕೆ ಹಗ್ಗ ಬಿಗಿದು ಕುಂತಿದ್ದೆ," ಎಂದರು.

ನಾನು ರೇಗಿಸಲಿಲ್ಲ. "ಮೋಡ, ಗಾಳಿ ಇರೋ ದಿನ ಹೊರಡಬ್ಯಾಡ್ರಿ. ಬಿಸಿಲಿದ್ರೂ ಮೆಲ್ಲಗೇ ಹೋಗ್ರಿ. ಮೊಮ್ಮಗಳ ಮೇಲೆ ಆಣೆ ಮಾಡ್ರಿ."

ಅವರು ಅಂಬಲಿಯ ಲೋಟ ಕೆಳಗಿಟ್ಟರು. "ಮೆಲ್ಲಗೆ ಹೋದ್ರೆ ಇಲ್ಲಿ ನಿಲ್ಲಾಕಾಗಲ್ಲ ತಿಪ್ಪಕ್ಕ. ನಿಂತ್ರೆ ಹೊತ್ತು ಮುಳುಗೋದ್ರೊಳಗೆ ಮುಟ್ಟಲ್ಲ."

ಅದು ನನಗೂ ಗೊತ್ತಿತ್ತು. ಒಲೆಯ ಸೌದೆಯನ್ನು ಮುಂದಕ್ಕೆ ನೂಕಿದೆ.

"ನಿಲ್ರಿ ಅಂತ ಯಾರು ನಿಮ್ಮ ಕಾಲು ಕಟ್ಟೈದಾರೆ? ಬಂದಾಗೆಲ್ಲ ನನ್ನ ರಾಗಿ ಡಬ್ಬಿ ಬಳಿದು ಹೋಗ್ತೀರಿ. ಆಣೆ ಮಾಡ್ರಿ ಮದ್ಲು."

ಮಾಡಿದರು.

ಮುಂದಿನ ಸೋಮವಾರ ಕಲ್ಲು ಕರಗುವ ಬಿಸಿಲು. ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ ನನ್ನ ಕೈ ಇಬ್ಬರಿಗಾಗುವಷ್ಟು ರೊಟ್ಟಿ ಹಿಟ್ಟು ಕಲಸಿತ್ತು. ಬೋಟು ಬಂತು. ಗಬ್ಬದ ಎಮ್ಮೆಯಾದರೂ ಅದಕ್ಕಿಂತ ಬಿರುಸು ನಡೆದೀತು. ಮೋಟಾರಿಗೆ ಸದ್ದೇ ಇಲ್ಲವಾದ್ದರಿಂದ ಅವರ ದನಿ ನೀರಿನ ಮೇಲೆ ಹಾಯಾಗಿ ಬಂತು.

"ತಿಪ್ಪಕ್ಕಾ, ಊಟ ಆತಾ?"

"ಆಗ್ಲೇ ಆತು. ನಿಮ್ದು?"

"ಬುತ್ತಿ ಕಟ್ಕಂಡು ಬಂದೀನಿ. ಇನ್ನೂ ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಐತೆ ನೋಡ್ರಿ."

"ಹಂಗೇ ಹೋಗ್ರಿ. ಕೈ ಮುಂದಕ್ಕೆ ತಳ್ಳಬ್ಯಾಡ್ರಿ. ಬರೋವಾಗ?"

"ಬರೋವಾಗ್ಲೂ ಮೆಲ್ಲಗೇ," ಎಂದರು.

ವಾರವಿಡೀ ಕೂಡಿಟ್ಟ ಮಾತು ನನ್ನ ಬಾಯಲ್ಲಿತ್ತು. ಕೂಗಿ ಹೇಳುವಂಥದ್ದಾಗಿರಲಿಲ್ಲ. ಅಷ್ಟು ಮೆಲ್ಲಗೆ ಹೋಗುವ ಬೋಟು ಕಣ್ಣಿನಿಂದ ಬೇಗ ಮರೆಯಾಗುವುದೂ ಇಲ್ಲ. ಅದು ಗುಡ್ಡದ ಮೂಲೆ ತಿರುಗುವವರೆಗೆ ನಿಂತಿದ್ದು, ಆಮೇಲೆ ಒಳಗೆ ಬಂದು ಒಲೆ ಹಚ್ಚಿದೆ.