ತೆಂಗಿನಕಾಯಿ ಒಡೆಯುವ ಗುಂಡು

ನಲ್ಲಿಯ ನೀರು ಇನ್ನೂ ಬಿಸಿಯಾಗಿಲ್ಲ, ಬೆರಳು ಮರಗಟ್ಟಿವೆ, ಕಿಟಕಿಯ ಗಾಜಿನ ಮೇಲೆ ನನ್ನದೇ ಉಸಿರಿನ ಮಬ್ಬು, ಮೊಣಕೈಯಿಂದ ಒರೆಸಿದರೆ ಆಚೆ ಹೊಲದಲ್ಲಿ ಕಂದುಬಣ್ಣದ್ದೊಂದು ಅಲುಗುತ್ತಿದೆ, ನೆರೆಮನೆಯ ಫಿಂಟನ್‌ನ ಕುರಿಯಲ್ಲ, ಕುರಿ ಹೀಗೆ ತಲೆಯೆತ್ತಿ ಇಷ್ಟು ಹೊತ್ತು ಕಿವಿಗೊಟ್ಟು ನಿಲ್ಲುವುದಿಲ್ಲ — ಜಿಂಕೆ, ಹೆಣ್ಣು, ಬೆಳಕು ಹರಿದ ಮೇಲೂ ಬೇಲಿಯ ಪಕ್ಕ ಒಂಟಿಯಾಗಿ, ಒಂದು ಹೆಜ್ಜೆ ಇಟ್ಟಿತು, ಬಲ ಮುಂಗಾಲು ನೆಲಕ್ಕೆ ತಾಗಲಿಲ್ಲ, ಹಗ್ಗದ ಮೇಲೆ ಒಣಹಾಕಿದ ಉದ್ದನೆಯ ಕಾಲ್ಚೀಲದ ಹಾಗೆ ತೂಗಿತು. ಅದೇ. ಕಳೆದ ಶನಿವಾರ ಸಂಜೆ ನನ್ನ ಗಂಡ ನಾಚು ಹೊಡೆದದ್ದು, ಮುಗ್ಗರಿಸಿ ಬಿದ್ದು ಮತ್ತೆ ಎದ್ದು ಸ್ಪ್ರೂಸ್ ಮರಗಳ ಕತ್ತಲೆಗೆ ನುಗ್ಗಿದ್ದು, ಅವನೂ ಫಿಂಟನ್ನೂ ನಾಯಿಯನ್ನು ಕರೆದುಕೊಂಡು ಹುಡುಕಿದರು, ಮರುದಿನವೂ ಹುಡುಕಿದರು, ಜರೀಗಿಡದ ಮೇಲೆ ಸ್ವಲ್ಪ ದೂರ ರಕ್ತದ ಹನಿ, ಆಮೇಲೆ ಏನೂ ಇಲ್ಲ, ಸತ್ತಿರ್ಬೇಕು ಬಿಡು ಮಧು ಅಂದ ನಾಚು, ಹಾಗೆ ಅಂದವನು ಎರಡು ದಿನ ತಟ್ಟೆಯ ಮುಂದೆ ಸುಮ್ಮನೆ ಕೂತು ಎದ್ದ. ಸತ್ತಿಲ್ಲ. ಇಷ್ಟು ದಿನ ಈ ಹಿಮದಲ್ಲಿ ಮೂರು ಕಾಲಲ್ಲಿ ನಿಂತಿದೆ. ನೀರು ಈಗ ಬಿಸಿಯಾಯಿತು, ಕೈ ಸುಡುತ್ತಿದೆ, ನಲ್ಲಿ ನಿಲ್ಲಿಸು, ಕೈ ಒರೆಸಿಕೋ, ಮೊದಲು ಫೋನು.

ಡಬ್ಲಿನ್ನಿನ ಟಾಲಾ ಆಸ್ಪತ್ರೆಯಲ್ಲಿ ನಾಚುಗೆ ಈಗ ರೌಂಡ್ಸ್ ಹೊತ್ತು, ಎತ್ತುವುದಿಲ್ಲ ಅಂದುಕೊಂಡೆ, ಎತ್ತಿದ, ಮಗಳದೇ ಚಿಂತೆ ಅವನಿಗೆ, ದೇಚುಗೆ ಜ್ವರ ಜಾಸ್ತಿ ಆಯ್ತಾ, ಇಲ್ಲ ಅವಳು ಗ್ರ್ಯಾಂಡ್ ಆಗಿದಾಳೆ, ಆರಾಮಾಗಿದಾಳೆ, ನಾಚು, ಆ ಜಿಂಕೆ ಬಂದಿದೆ, ಬದುಕಿದೆ. ಆ ಕಡೆ ಯಾವುದೋ ಯಂತ್ರದ ಬೀಪ್, ಬೀಪ್, ಅವನು ಉಸಿರು ಬಿಟ್ಟದ್ದು ಕೇಳಿಸಿತು. ಸಂಜೆ ನಾನು ಬಂದು ನೋಡ್ತೀನಿ. ಸಂಜೆವರೆಗೂ ಅದು ಇರಲ್ಲ ನಾಚು, ಮತ್ತೆ ಮರದೊಳಗೆ ಹೋಗತ್ತೆ. ಫಿಂಟನ್‌ಗೆ ಹೇಳು. ಫಿಂಟನ್ ಕುರಿ ಮಾರಕ್ಕೆ ಹೋಗಿದಾನೆ, ಇದ್ರೂ ಅವನ ಹತ್ರ ಕಾಗೆ ಹೊಡೆಯೋ ಕೋವಿ ಅಷ್ಟೆ, ನಾನೇ ಹೋಗ್ತೀನಿ. ನೀನಾ? ಲೈಸೆನ್ಸ್ ನಂದೂ ಇದೆಯಲ್ಲ ಮಾರಾಯ, ಗೋಡೆಗೆ ನೇತಾಕಕ್ಕೆ ತಗೊಂಡಿಲ್ಲ. ಮತ್ತೆ ಬೀಪ್. ಸರಿ, ಹಾಗಾದ್ರೆ ಆ ಹಗುರದ ಗುಂಡೇ ಹಾಕು, ಸ್ಕೋಪ್ ಅದಕ್ಕೇ ಸೆಟ್ ಆಗಿರೋದು, ಬೇರೆದು ಹಾಕಿದ್ರೆ ಎಲ್ಲಿಗೆ ಹೋಗತ್ತೋ ಏನೋ, ಇನ್ನೊಂದ್ಸಲ ತಪ್ಪೋದು ಬೇಡ. ತಪ್ಪಿರಲಿಲ್ಲ ನಾಚು, ನೀನು ಹೊಡೆದಿದ್ದು ಸರಿಯಾಗೇ ಬಿದ್ದಿತ್ತು. ಆ ಕಡೆ ಯಾರೋ ಡಾಕ್ಟರ್ ಅಂತ ಕರೆದರು, ಹುಷಾರು ಅಂದ, ಇಟ್ಟ.

ಸರಿಯಾಗೇ ಬಿದ್ದಿತ್ತು, ಭುಜಕ್ಕೇ ಬಿದ್ದಿತ್ತು, ಅದನ್ನೇ ನಾನು ಈ ವಾರವೆಲ್ಲ ಬಟ್ಟೆ ಮಡಚುತ್ತಾ ಈರುಳ್ಳಿ ಹೆಚ್ಚುತ್ತಾ ಯೋಚಿಸಿದ್ದು, ಕೈ ತಪ್ಪಲಿಲ್ಲ, ಗುಂಡು ತಪ್ಪು. ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಡಬ್ಲಿನ್ನಿನ ನಾಲ್ಕಾರು ಕೊಡವ ಮನೆಯವರು ಇಲ್ಲಿಗೇ ಬಂದಿದ್ದರು, ನಾನು ಮೈಸೂರಿನವಳು, ಮದುವೆಯಾಗಿ ಬರುವವರೆಗೆ ಕೋವಿಗೆ ಪೂಜೆ ಮಾಡುತ್ತಾರೆ ಅನ್ನುವುದೇ ಗೊತ್ತಿರಲಿಲ್ಲ, ಈಗ ಗಂಧ ತೇಯುವವಳು ನಾನೇ, ಕೋವಿಯ ನಳಿಕೆಗೆ ಸಿಕ್ಕಿಸುವ ತೋಕ್ ಪೂ ಇಲ್ಲಿ ಎಲ್ಲಿ ಸಿಗಬೇಕು, ದೇಚು ರಸ್ತೆಬದಿಯ ಕಿತ್ತಳೆ ಬಣ್ಣದ ಕಾಡುಹೂ ಕಿತ್ತು ತಂದು ಸಿಕ್ಕಿಸಿದಳು, ಚೆನ್ನಾಗೇ ಕಂಡಿತು. ಆಮೇಲೆ ಫಿಂಟನ್‌ನ ಹಳೇ ಕಲ್ಲುಗಣಿಯ ದಿಣ್ಣೆಗೆ ಟಾಲಾದ ಅಂಗಡಿಯಿಂದ ತಂದ ತೆಂಗಿನಕಾಯಿ ಸಾಲಾಗಿ ಇಟ್ಟರು, ಹಬ್ಬ ಅಂದಮೇಲೆ ಕಾಯಿಗೆ ಗುಂಡು ಹೊಡೆಯಲೇಬೇಕು. ಭಾರದ ಗುಂಡಿಗೆ ಕಾಯಿ ಎರಡು ಹೋಳಾಗಿ ಅಲ್ಲೇ ಬಿತ್ತು, ಯಾರೂ ಚಪ್ಪಾಳೆ ತಟ್ಟಲಿಲ್ಲ, ಥೂ, ದೇವಸ್ಥಾನದಲ್ಲಿ ಪೂಜಾರಿ ಇದಕ್ಕಿಂತ ಜೋರಾಗಿ ಒಡೀತಾನೆ ಅಂತ ಯಾರೋ ಕಿಚಾಯಿಸಿದರು. ನಾಚು ಇನ್ನೊಂದು ಡಬ್ಬಿ ತೆಗೆದ, ನರಿ ಹೊಡೆಯುವವರು ಬಳಸುವುದು, ಹಗುರ, ತುದಿಗೆ ಪ್ಲಾಸ್ಟಿಕ್ ಮೂಗು, ಬಹಳ ವೇಗ — ಕಾಯಿ ಇದ್ದ ಜಾಗದಲ್ಲಿ ಬಿಳಿ ಹೊಗೆ, ಚಿಪ್ಪಿನ ಚೂರು ಕೂಡ ಸಿಗಲಿಲ್ಲ, ಎಲ್ಲರೂ ಹೋ ಎಂದು ಕೂಗಿದರು, ನೋಡ್ದ್ಯಾ ಮಧು, ಇದಪ್ಪಾ ಗುಂಡು ಅಂದ್ರೆ. ಅವತ್ತೇ ಕೋವಿಯ ಮೇಲೆ ಗುರಿ ನೋಡುವ ಸ್ಕೋಪನ್ನು ಅದಕ್ಕೆ ಹೊಂದಿಸಿಬಿಟ್ಟ. ಇಲ್ಲಿಯ ಕಾನೂನು ಕೇಳುವಷ್ಟು ತೂಕ ಇದೆ ಅಂದ, ನಿಜ, ಇದೆ. ಆದರೆ ಕಾಯಿಯೊಳಗೆ ಇರುವುದು ನೀರು. ಭುಜದ ಮೂಳೆ ಇಲ್ಲ, ಪಕ್ಕೆಲುಬು ಇಲ್ಲ. ನರಿ ಗುಂಡು ತಾಗಿದ ತಕ್ಷಣ ಒಡೆಯಲೆಂದೇ ಮಾಡಿದ್ದು, ಮೂಳೆ ಸಿಕ್ಕಿದರೆ ಅಲ್ಲೇ ಪುಡಿಯಾಗುತ್ತದೆ, ಭುಜ ಚಿಂದಿ, ಹೃದಯಕ್ಕೆ ಏನೂ ತಲುಪಿಲ್ಲ, ಜಿಂಕೆ ಎದ್ದು ಓಡುತ್ತದೆ. ಹಬ್ಬದಲ್ಲಿ ಗೆದ್ದ ಗುಂಡು. ತೂಗುವ ಕಾಲು.

ಅಮ್ಮಾ, ವಾಟ್ ಆರ್ ಯೂ ಲುಕಿಂಗ್ ಅಟ್ — ದೇಚು ಎದ್ದುಬಂದಿದ್ದಾಳೆ, ಮೂಗು ಕೆಂಪು, ಕಂಬಳಿ ನೆಲ ಗುಡಿಸುತ್ತಿದೆ, ಏನಿಲ್ಲ ಪುಟ್ಟಿ ಬಾ, ಗಂಜಿ ಕುಡಿ, ಆದರೆ ಅವಳು ಆಗಲೇ ಕುರ್ಚಿ ಹತ್ತಿ ನೋಡಿದಳು, ಓ, ಇಟ್ಸ್ ಲಿಂಪಿಂಗ್, ಸೋ ಇಟ್ ಈಸ್, ಈಸ್ ದ್ಯಾಟ್ ಅಪ್ಪಾಸ್ ವನ್? ಆರು ವರ್ಷದವಳಿಗೆ ಯಾರು ಹೇಳಿದರು, ನಾವು ಪಿಸುಗುಟ್ಟಿದ್ದೆಲ್ಲ ಗೋಡೆಯಾಚೆ ಕೇಳಿಸಿದೆ. ಹೌದು ಕಂದಾ, ಅದೇ. ಕ್ಯಾನ್ ಅಪ್ಪಾ ಫಿಕ್ಸ್ ಇಟ್? ಅಪ್ಪಂಗೆ ಆಗಲ್ಲ, ಅದಕ್ಕೆ ತುಂಬಾ ನೋವಾಗ್ತಿದೆ, ನಾನು ಹೋಗಿ ನೋವು ನಿಲ್ಲಿಸಿ ಬರ್ತೀನಿ. ಅವಳು ನನ್ನ ಮುಖ ನೋಡಿದಳು, ಏನು ಹೇಳುತ್ತಿದ್ದೇನೆಂದು ಅರ್ಥವಾಯಿತು, ಹಳ್ಳಿಯಲ್ಲಿ ಬೆಳೆಯುವ ಮಗು, ಕುರಿಮರಿ ಸತ್ತದ್ದನ್ನು ನೋಡಿದ್ದಾಳೆ. ವಿಲ್ ಇಟ್ ಬಿ ಕ್ವಿಕ್? ಬೇಗ ಆಗೋ ಹಾಗೆ ಮಾಡ್ತೀನಿ, ಗಂಜಿ ಕುಡಿ. ಬೆನ್ನು ಸವರಿದೆ, ಜ್ವರ ಇಳಿದಿದೆ, ಬೆವರಿದ್ದಾಳೆ, ಅಂಗಿ ಬದಲಿಸಬೇಕು, ಬದಲಿಸಿದೆ. ನೋರೀನ್‌ಗೆ ಫೋನ್ ಮಾಡಿದೆ, ಫಿಂಟನ್‌ನ ಹೆಂಡತಿ, ಶೂರ್ ಐ ಸೀ ಹರ್ ಮೈಸೆಲ್ಫ್ ಲವ್, ದ ಕ್ರೇಚರ್, ಪಾಪದ ಜೀವ, ಈಗಲೇ ಬರ್ತೀನಿ, ಕೆಟಲ್ ಇಡು ಅಂದಳು. ಕುಕ್ಕರ್ ಮೂರನೇ ಸಿಳ್ಳೆ, ಒಲೆ ಆರಿಸು. ಕೆಟಲ್ ಇಡು.

ಕಬ್ಬಿಣದ ಪೆಟ್ಟಿಗೆಯ ಬೀಗ ತಣ್ಣಗೆ, ಒಳಗೆ ಎಣ್ಣೆಯ ವಾಸನೆ, ಮೂರು ಡಬ್ಬಿ. ನರಿ ಗುಂಡು — ಅದನ್ನು ಹಿಂದಕ್ಕೆ ತಳ್ಳಿದೆ. ಮುಂದೆ ನನ್ನ ತಾಮ್ರದ ಗುಂಡು, ನಾನೇ ಹುಡುಕಿ ತರಿಸಿದ್ದು, ದೇಚುವಿನ ರಕ್ತದಲ್ಲಿ ಕಬ್ಬಿಣ ಕಮ್ಮಿ ಅಂದಾಗಿನಿಂದ ಅವಳಿಗೆ ಜಿಂಕೆ ಮಾಂಸ, ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿ ಹಾಕಿ ಕಪ್ಪಗೆ ಮಾಡಿದರೆ ತಟ್ಟೆ ನೆಕ್ಕುತ್ತಾಳೆ, ಸೀಸದ ಗುಂಡು ಒಳಗೆ ಅರಳುವಾಗ ಧೂಳಿನಷ್ಟು ಸಣ್ಣ ಚೂರು ಮಾಂಸದಲ್ಲಿ ಉಳಿಯುತ್ತದೆ ಎಂದು ಬೇಟೆ ಲೈಸೆನ್ಸಿನ ಕೋರ್ಸಿನಲ್ಲಿ ಹೇಳಿದ್ದರು, ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು, ಮಕ್ಕಳಿಗೆ ಕೆಟ್ಟದ್ದು, ಅವತ್ತೇ ನಿರ್ಧರಿಸಿದ್ದೆ ನನ್ನ ಅಡುಗೆಮನೆಗೆ ಸೀಸ ಬೇಡ, ತಾಮ್ರ ಚೂರಾಗುವುದಿಲ್ಲ, ಹೂವಿನ ಎಸಳಿನ ಹಾಗೆ ಬಿರಿದು ಇಡಿಯಾಗಿ ಒಳಹೋಗುತ್ತದೆ. ಆದರೆ ನಮ್ಮ ಕೋವಿಗೆ ಅದು ಒಗ್ಗಲಿಲ್ಲ, ಕಳೆದ ಭಾನುವಾರ ಹುಡುಕಿ ಬಂದ ಮೇಲೆ ನಾಚು ಮತ್ತೆ ಮನೆಯಿಂದ ಹೊರಗೇ ಬರದಿದ್ದಾಗ ನಾನೊಬ್ಬಳೇ ಕಲ್ಲುಗಣಿಗೆ ಹೋಗಿ ಹೊಡೆದು ನೋಡಿದೆ, ಒಂದು ಇಲ್ಲಿ, ಒಂದು ಅಲ್ಲಿ, ಬೊಗಸೆಯಗಲ ಹರಡಿದವು. ಭಾರದ ಸೀಸದ್ದನ್ನೂ ಹೊಡೆದೆ, ತುದಿ ಮೆತ್ತಗಿನದು, ಹಬ್ಬದಲ್ಲಿ ಚಪ್ಪಾಳೆ ಸಿಗದಿದ್ದದ್ದು, ಅವು ಒಂದರ ಮೇಲೊಂದು ಬಿದ್ದವು, ಬಿಲ್ಲೆ ಮುಚ್ಚುವಷ್ಟು ಜಾಗದಲ್ಲಿ, ಆದರೆ ಗುರಿಗಿಂತ ಎರಡು ಬೆರಳು ಕೆಳಗೆ. ಕೈ ತಾನಾಗಿ ತಾಮ್ರದ ಡಬ್ಬಿಗೇ ಹೋಗುತ್ತಿದೆ. ಇಷ್ಟು ದಿನ ಗುಂಡು ಅಂದರೆ ನನಗೆ ದೇಚುವಿನ ತಟ್ಟೆಯೇ ಕಾಣುತ್ತಿತ್ತು, ಅಕ್ಕಿ ಆರಿಸಿದ ಹಾಗೆ ಗುಂಡು ಆರಿಸಿದೆ. ಇವತ್ತಿನದು ತಟ್ಟೆಗಲ್ಲ. ಆ ಭುಜ ಕೊಳೆತಿರುತ್ತದೆ, ಆ ಮಾಂಸವನ್ನು ಯಾರೂ ತಿನ್ನುವುದಿಲ್ಲ, ಇವತ್ತು ಇದನ್ನು ಆರಿಸಬೇಕಾದದ್ದು ಅದಕ್ಕಾಗಿ, ಬೇಲಿಯ ಪಕ್ಕ ನಿಂತದ್ದಕ್ಕಾಗಿ. ಅದಕ್ಕೆ ಬೇಕಾದದ್ದು ಹೇಳಿದ ಕಡೆ ಹೋಗುವ ಗುಂಡು, ಯಾವ ಕೋನದಲ್ಲಿ ಸಿಕ್ಕಿದರೂ ಒಳಗೆ ತಲುಪುವ ಗುಂಡು. ಭಾರದ ಸೀಸ. ಆಮೇಲೆ ಆಳವಾಗಿ ಹೂಳಬೇಕು, ಫಿಂಟನ್‌ನ ನಾಯಿಗೆ ಸಿಗಬಾರದು, ಮೇಲೆ ಸುತ್ತುವ ಗಿಡುಗಗಳಿಗೆ ಸಿಗಬಾರದು, ಸಂಜೆ ನಾಚು ಅಗೆಯುತ್ತಾನೆ, ಅವನಿಗೂ ಅದು ಬೇಕು. ಆ ಎರಡು ಬೆರಳು? ಹತ್ತಿರ ಹೋದರೆ ಎರಡು ಬೆರಳು ಒಂದು ಬೆರಳಾಗುತ್ತದೆ. ಹತ್ತಿರ ಹೋಗುವುದು ಬರೀ ತಾಳ್ಮೆಯ ಕೆಲಸ, ನಿದ್ದೆಗೆ ಜಾರುವ ಮಗುವಿನ ಪಕ್ಕದಿಂದ ಎದ್ದುಬಂದವಳಿಗೆ ಅದು ಬರುತ್ತದೆ.

ನೋರೀನ್ ಬಂದು ದೇಚುವನ್ನು ಕಂಬಳಿ ಸಮೇತ ಎತ್ತಿಕೊಂಡು ರಸ್ತೆ ಬದಿಯ ಕೋಣೆಗೆ ಹೋದಳು, ಟಿವಿಯ ಸದ್ದು ಏರಿಸಿದಳು, ಹಿಂದಿನ ಬಾಗಿಲು, ಗಾಳಿ ಮುಖಕ್ಕೆ, ಒಳ್ಳೆಯದು, ನನ್ನ ವಾಸನೆ ಅದಕ್ಕೆ ಹೋಗುವುದಿಲ್ಲ. ಕಲ್ಲಿನ ಗೋಡೆಯ ಮರೆಯಲ್ಲಿ ಬಗ್ಗಿ, ಆಮೇಲೆ ಮೊಣಕಾಲೂರಿ, ಆಮೇಲೆ ಹೊಟ್ಟೆಯ ಮೇಲೆ, ಜೊಂಡು ಒದ್ದೆ, ಕೆಸರು ತೋಳಿನೊಳಗೆ ಇಳಿಯುತ್ತಿದೆ, ಈ ಜಾಕೆಟ್ ಮತ್ತೆ ಒಗೆಯಬೇಕು, ಸುಮ್ಮನಿರು, ಒಗೆಯುವುದು ಆಮೇಲೆ. ಅದು ತಲೆಯೆತ್ತಿತು, ನಿಂತೆ, ಉಸಿರೂ ನಿಂತಿತು, ತಲೆ ತಗ್ಗಿತು, ಮೊಣಕೈ ಮುಂದೆ, ಮೊಣಕಾಲು ಮುಂದೆ. ಇಲ್ಲಿಂದ ಸಾಕಲ್ಲವೇ ಅನ್ನುತ್ತದೆ ಮನಸ್ಸು, ಸಾಲದು, ಇನ್ನೂ. ಜೊಂಡಿನ ಕೊನೆಯ ಬುಡ. ಇನ್ನು ಮರೆಯಿಲ್ಲ. ಚೀಲದ ಮೇಲೆ ಕೋವಿ, ಕೆನ್ನೆಗೆ ತಣ್ಣನೆಯ ಮರ, ಹಿಂದೆ ಏನಿದೆ ನೋಡು, ಮಣ್ಣಿನ ದಿಬ್ಬ, ಸರಿ, ಗುಂಡು ಅಲ್ಲೇ ಉಳಿಯುತ್ತದೆ. ಸ್ಕೋಪಿನ ಗಾಜಿನೊಳಗೆ ಅದರ ಮುಖ ಇಷ್ಟು ಹತ್ತಿರ, ಕಣ್ರೆಪ್ಪೆಯ ಮೇಲೆ ಹಿಮದ ಹನಿ, ಭುಜದ ಮೇಲೆ ಕಪ್ಪಗೆ ಅಂಗೈಯಗಲ, ಅಲ್ಲಿ ನೋಡಬೇಡ, ಅದರ ಹಿಂದೆ, ಒಂದು ಬೆರಳು ಮೇಲೆ. ಈಗ ನನ್ನ ಕಡೆಗೆ ಮುಖ ಮಾಡಿದೆ, ಈಗಲ್ಲ. ತಲೆಗೆ ಹೊಡೆದರೆ ಬೇಗ ಮುಗಿಯುತ್ತದೆ ಅನ್ನುವವರೂ ಇದ್ದಾರೆ, ತಲೆ ಅಲ್ಲಾಡುತ್ತದೆ, ದವಡೆ ಹೋದರೆ ಮತ್ತೊಂದು ವಾರದ ನರಕ, ಬೇಡ, ತಿರುಗಲಿ. ತಿರುಗು ತಾಯಿ. ನನಗೆ ಅವಸರವಿಲ್ಲ, ಬೆರಳು ಮರಗಟ್ಟಿದರೂ ಅವಸರವಿಲ್ಲ. ಹುಲ್ಲಿನ ಕಡೆಗೆ ಕತ್ತು ಚಾಚಿತು, ಹಿಂಗಾಲು ಸರಿಸಿತು, ಒಂದು ಕುಂಟು ಹೆಜ್ಜೆ, ಪಕ್ಕೆ ತುಂಬ ಬೆಳಕು, ಕಾಲು ತೂಗಿತು, ಆಚೆಗೆ, ಈಚೆಗೆ, ಅರ್ಧ ಉಸಿರು ಬಿಡು, ಉಳಿದರ್ಧ ಹಿಡಿ, ಆಚೆಗೆ —

ಸದ್ದು ದಿಬ್ಬಕ್ಕೆ ಬಡಿದು ಹಿಂದಕ್ಕೆ ಬಂತು, ಭುಜಕ್ಕೆ ಒದೆ, ಗಾಜಿನೊಳಗೆ ಬರೀ ಹುಲ್ಲು, ಬೋಲ್ಟ್ ಎಳೆ, ಇನ್ನೊಂದು ತೋಟೆ ಏರಿಸು, ನೋಡು, ಓಡಿತೇ, ಇಲ್ಲ, ಬೇಲಿಯ ಕಡೆ ಏನೂ ಇಲ್ಲ, ನಿಂತಲ್ಲೇ, ನಿಂತಲ್ಲೇ ಮಲಗಿದೆ, ಪಕ್ಕೆ ಏಳುತ್ತಿಲ್ಲ, ಕಾಯು, ಕಾದೆ, ಏಳುತ್ತಿಲ್ಲ, ಮೂರು ಕಾಲು ಹುಲ್ಲಿನೊಳಗೆ, ಅವುಗಳ ಮೇಲೆ ಅಡ್ಡಲಾಗಿ ಆ ಕಾಲು, ತೂಗುತ್ತಿಲ್ಲ.