ಕಳೆದುಹೋದವನ ಕೋಣೆ

ಬೆಳಿಗ್ಗೆ ಷೂ ಹಾಕಿಕೊಳ್ಳುವಾಗಲೇ ಶಾರದಾ ಗಂಡನಿಗೆ ಹೇಳಿದ್ದಳು. "ರೀ, ಅಲ್ಲಿ ಹೋಗಿ ಕೂಗಾಡ್ಬೇಡಿ. ಅವ್ರು ಏನ್ ಹೇಳ್ತಾರೋ ಅಷ್ಟನ್ನ ಟ್ರಾನ್ಸ್‌ಲೇಟ್ ಮಾಡಿ ಬನ್ನಿ. ಮುಂದಿನ ತಿಂಗಳು ಕಾಂಟ್ರಾಕ್ಟ್ ರಿನ್ಯೂ ಆಗ್ಬೇಕು."

"ನಾನೇನು ಟೇಪ್ ರೆಕಾರ್ಡರಾ?"

"ಇವತ್ತೊಂದಿನ ಆಗಿ, ಏನೂ ಸವೆದು ಹೋಗಲ್ಲ."

ಜಪಾನಿನ ಕೋಬೆಯ ಆ ಔಷಧಿ ಸಂಶೋಧನಾ ಕೇಂದ್ರದಲ್ಲಿ ಹೀಬ್ರೂ ಬರುತ್ತಿದ್ದದ್ದು ಜಯಪ್ರಕಾಶನೊಬ್ಬನಿಗೇ. ಹಿಂದೆ ಇಸ್ರೇಲಿನ ಹೈಫಾದಲ್ಲಿ ಕೆಲಸ ಮಾಡುವಾಗ ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ ಜಗಳವಾಡಿಯೇ ಕಲಿತ ಭಾಷೆ. ಈಗ ಅವನೆದುರು ಕೂತಿದ್ದ ರಿವ್ಕಾ ಹೈಫಾದಿಂದಲೇ ಬಂದವಳು. ಕೋಬೆಯಲ್ಲಿ ಓದುತ್ತಿದ್ದ ಅವಳ ಮಗ ನದಾವ್, ಖಿನ್ನತೆಗೆಂದು ಈ ಕೇಂದ್ರದವರು ಪರೀಕ್ಷಿಸುತ್ತಿದ್ದ ಹೊಸ ಔಷಧಿಯನ್ನು ತೆಗೆದುಕೊಳ್ಳುತ್ತಿದ್ದ. ನಡುವೆ ಬರುವುದನ್ನು ನಿಲ್ಲಿಸಿದ. ಆಮೇಲೆ ಬಾಡಿಗೆ ಕೋಣೆಯಲ್ಲಿ ಹೆಣವಾಗಿ ಸಿಕ್ಕಿದ.

"ಲಾಸ್ಟ್ ಟು ಫಾಲೋ-ಅಪ್," ಎಂದರು ಯೋಜನೆಯ ಮುಖ್ಯಸ್ಥ ಮೊರಿತಾ-ಸಾನ್, ಚಹಾದ ಬಟ್ಟಲನ್ನು ಆ ತಾಯಿಯತ್ತ ಸರಿಸುತ್ತ. "ಅಷ್ಟೇ ಹೇಳಿ ಜಯಪ್ರಕಾಶ್-ಸಾನ್. ವರದಿಗೆ ಕಮಿಟಿ ಒಪ್ಪಿದ ಮಾತು ಅದು."

ಔಷಧಿ ಪರೀಕ್ಷೆಯಿಂದ ಕಣ್ಮರೆಯಾದವರಿಗೆಲ್ಲ ವರದಿಗಳಲ್ಲಿ ಹಚ್ಚುವ ಮಾತು. ಬಾರದವರಿಗೆ ಕಚೇರಿಯಿಂದ ಫೋನು ಹೋಗುತ್ತಿತ್ತು, ಎತ್ತದಿದ್ದರೆ ಜಪಾನೀ ಭಾಷೆಯಲ್ಲಿ ವಿನಯದ ಸಂದೇಶ. ಅದಕ್ಕೂ ಉತ್ತರವಿಲ್ಲದಿದ್ದರೆ ಹೆಸರಿನ ಮುಂದೆ ಈ ಮಾತು ಬಿದ್ದು ಕಥೆ ಮುಗಿಯುತ್ತಿತ್ತು. ಮನೆಯ ಬಾಗಿಲು ತಟ್ಟುವ ಪದ್ಧತಿಯೇ ಇರಲಿಲ್ಲ. "ಹುಡುಗನಿಗೆ ಜಪಾನೀ ಅಷ್ಟಾಗಿ ಬರಲ್ಲ. ನಾನೇ ಹೋಗಿ ನೋಡಿ ಬರಲಾ?" ಎಂದು ನದಾವ್ ಬಾರದೆ ಹೋದಾಗ ಜಯಪ್ರಕಾಶ ಕೇಳಿದ್ದ. "ಮೇಯ್ವಾಕು," ಎಂದಿದ್ದರು ಮೊರಿತಾ. ಕರೆಯದೆ ಹೋಗಿ ಪರರಿಗೆ ತೊಂದರೆ ಕೊಡಬಾರದು. ಜೆರಾಕ್ಸ್ ಯಂತ್ರ ಕೆಟ್ಟರೂ ಕೂಗಾಡುವ ಜಯಪ್ರಕಾಶ ಅವತ್ತು ಬಾಯಿ ಮುಚ್ಚಿಕೊಂಡು, ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಹಾಲು ತೆಗೆದುಕೊಂಡು ಮನೆಗೆ ಹೋಗಿದ್ದ.

ಹೀಬ್ರೂವಿನ ವೈದ್ಯಕೀಯ ಬರಹಗಳಲ್ಲೂ ಇದಕ್ಕೊಂದು ಸಿದ್ಧ ಮಾತಿತ್ತು. ಜಯಪ್ರಕಾಶ ಅದನ್ನೇ ಹೇಳಿದ. ನಮ್ಮ ನಿಗಾದಿಂದ ಕಳೆದುಹೋದ.

ರಿವ್ಕಾ ಚಹಾ ಮುಟ್ಟಲಿಲ್ಲ. "ಕಳೆದುಹೋದನಾ? ಎಲ್ಲಿಗೆ? ಅವನು ತನ್ನ ಕೋಣೆಯಲ್ಲೇ ಇದ್ದನಲ್ಲ."

ಅವನು ಮೊರಿತಾರತ್ತ ನೋಡಿದ.

"ನನ್ನ ಬೆಕ್ಕು ಒಂದು ಹೊತ್ತು ಉಣ್ಣೋಕೆ ಬರದಿದ್ರೆ ಮಂಚದ ಕೆಳಗೆಲ್ಲ ಬಗ್ಗಿ ನೋಡ್ತೀನಿ. ನೀವು ಎಲ್ಲೆಲ್ಲಿ ನೋಡಿದ್ರಿ?"

ಮೊರಿತಾ ವಾಚು ನೋಡಿಕೊಂಡರು. ಜಯಪ್ರಕಾಶನ ಕಿವಿ ಬಿಸಿಯಾಯಿತು. ಯಾರ ಮೇಲೆ ಎಗರಬೇಕೋ ತಿಳಿಯಲಿಲ್ಲ.

"ಲೋ ಖಿಪಸ್ನು ಓತೋ," ಎಂದ. ನಾವು ಅವನನ್ನು ಹುಡುಕಲಿಲ್ಲ.

ಅವಳು ಅಳಲಿಲ್ಲ. ಬಯ್ಯಲೂ ಇಲ್ಲ. "ನೀನು?" ಎಂದಳು.

"ನಾನೂ ಇಲ್ಲ."

"ಏನು ಹೇಳಿದಿರಿ?" ಮೊರಿತಾ ಕೇಳಿದರು.

"ನೀವು ಹೇಳಿದ್ದನ್ನೇ. ಅವರಿಗೆ ಅರ್ಥ ಆಗೋ ಹಾಗೆ." ಆಮೇಲೆ ಅದನ್ನು ಇಂಗ್ಲಿಷಿನಲ್ಲೂ ಹೇಳಿದ, ಮುಚ್ಚುಮರೆಯಿಲ್ಲದೆ.

ಮೊರಿತಾ ಪೆನ್ನಿನ ಮುಚ್ಚಳ ಹಾಕಿದರು. "ನಿಮ್ಮ ಮುಂದಿನ ತಿಂಗಳ ವಿಷಯ ನಾಳೆ ಮಾತಾಡೋಣ," ಎಂದು ಜಯಪ್ರಕಾಶನಿಗೆ ಹೇಳಿ, ರಿವ್ಕಾಗೆ ಆಳವಾಗಿ ಬಾಗಿ ವಂದಿಸಿ ಹೊರಟುಹೋದರು.

ರಿವ್ಕಾ ಚೀಲ ಎತ್ತಿಕೊಂಡಳು. "ನಡಿ. ಆ ಕೋಣೆ ತೋರಿಸು."

ಆ ವಿಳಾಸ ಅವನಿಗೆ ಬಾಯಿಪಾಠವಾಗಿತ್ತು. ಇಬ್ಬರೂ ರೈಲು ಹತ್ತಿದರು. ಒಂದು ಸ್ಟೇಷನ್ ದಾಟಿತು, ಇನ್ನೊಂದು ಬರುವಷ್ಟರಲ್ಲಿ ಅವನು ಎದ್ದು ನಿಂತ. ರಿವ್ಕಾ ಆಗಷ್ಟೇ ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಳ್ಳುತ್ತಿದ್ದಳು.

"ಇಳೀಬೇಕು."

"ಇಷ್ಟೇನಾ?"

ಪ್ಲಾಟ್‌ಫಾರಮ್ಮಿನಿಂದ ಮನೆಗಳ ಸೂರುಗಳಾಚೆ ಸಂಶೋಧನಾ ಕೇಂದ್ರದ ಬಿಳಿ ಕಟ್ಟಡ ಕಾಣುತ್ತಿತ್ತು. ರಿವ್ಕಾ ಅದನ್ನು ಬಹಳ ಹೊತ್ತು ನೋಡಿದಳು. ಅವನತ್ತ ತಿರುಗಿ ನೋಡಲಿಲ್ಲ.