ಬಿಟ್ಟಿ ಹಾಡಿನವಳ ಮೊದಲ ಸಂಭಾವನೆ

ನಾನು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಮಾಡುವವಳು. ಹಾಡು ಬರೆಯುವವಳೂ ಹೌದು. ಆದರೆ ಇಪ್ಪತ್ತು ವರ್ಷದಲ್ಲಿ ಅದಕ್ಕೆಂದು ಯಾರೂ ನನಗೆ ಬಿಡಿಗಾಸು ಕೊಟ್ಟವರಲ್ಲ. ಶಾಲೆಯ ವಾರ್ಷಿಕೋತ್ಸವಕ್ಕೆ ಹಾಡು ಬೇಕೆಂದರೆ ನನ್ನ ಬಳಿ ಬರುತ್ತಾರೆ. ನಿವೃತ್ತರಾದ ಗುಮಾಸ್ತರನ್ನು ಬೀಳ್ಕೊಡಲು ಹಾಡು ಬೇಕೆಂದರೂ ನಾನೇ ಆಗಬೇಕು. "ನಿಂಗೇನು, ಕೂತಲ್ಲೇ ಬರೀತೀಯ" ಎನ್ನುತ್ತಾರೆ. ದಿನವಿಡೀ ನಿಂತು ದುಡಿಯುವವಳಿಗೆ ಹೇಳುವ ಮಾತೇ ಇದು? ನನ್ನ ನಾದಿನಿಯಂತೂ ಮಗಳ ಹುಟ್ಟುಹಬ್ಬಕ್ಕೆ ವರ್ಷಕ್ಕೊಂದರಂತೆ ಒಂಬತ್ತು ಹಾಡು ಬರೆಸಿಕೊಂಡು, ಪ್ರತಿ ಸಲವೂ ಹೋದ ವರ್ಷದ್ದೇ ಚೆನ್ನಾಗಿತ್ತು ಎಂದಿದ್ದಾಳೆ. ಶಾಲೆಯ ವ್ಯಾನ್ ಓಡಿಸುವ ನನ್ನ ಯಜಮಾನರು ನನಗಿಟ್ಟ ಹೆಸರು "ಬಿಟ್ಟಿ ಹಾಡಿನವಳು". ಅವರು ಪ್ರೀತಿಯಿಂದಲೇ ಕರೆಯುತ್ತಾರೆ, ನನಗೆ ಮಾತ್ರ ಪ್ರತಿ ಸಲವೂ ಮೈ ಉರಿಯುತ್ತದೆ.

ನಾನು ಬರೆಯುವುದು ಬಟ್ಟೆಗೆ ಪಿನ್ನು ಹಾಕುವ ನಂಬರ್ ಚೀಟಿಗಳ ಹಿಂಬದಿಯಲ್ಲಿ. ಒಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಕಿವಿಯ ಹಿಂದೆ ಪೆನ್ಸಿಲ್. ಬಾಯಿ ಬಿಟ್ಟು ಹಾಡಿದರೆ ಬಂದ ಗಿರಾಕಿಗಳೂ ಓಡಿಹೋಗುತ್ತಾರೆ ಎಂದು ಮಾಲೀಕರು ಮೊದಲ ದಿನವೇ ಹೇಳಿದ್ದರಿಂದ, ತುಟಿ ಮುಚ್ಚಿಕೊಂಡು ಮೂಗಿನಲ್ಲೇ ಗುನುಗುವುದು ರೂಢಿ. ಹೀಗೆ ಬರೆದ ಚೀಟಿಯೊಂದು ಒಬ್ಬ ಗಿರಾಕಿಯ ಕೋಟಿನ ಜೇಬಿನಲ್ಲಿ ಉಳಿದುಹೋಯಿತು. ಎರಡು ದಿನದ ನಂತರ ಅವರು ಅದನ್ನು ಹಿಡಿದು ಅಂಗಡಿಗೆ ಬಂದಾಗ, ಕೋಟಿಗೆ ಪೆನ್ಸಿಲ್ ಕಲೆಯಾಗಿದೆ, ಕೆಲಸ ಹೋಯಿತು ಎಂದುಕೊಂಡೆ.

ಅವರು ಬಂದದ್ದು ಚೀಟಿಯ ಸಾಲುಗಳು ಹಿಡಿಸಿದ್ದಕ್ಕೆ. ಸಂಗೀತ ನಿರ್ದೇಶಕರಂತೆ. ಸಣ್ಣ ಬಂಡವಾಳದ ಒಂದು ಸಿನಿಮಾಕ್ಕೆ ಟ್ಯೂನ್ ಹಾಕುತ್ತಿದ್ದರು. ಮೊದಲ ದಿನ ಕೆಲಸಕ್ಕೆ ಹೊರಟ ಮಗಳನ್ನು ತಾಯಿ ಬಾಗಿಲಲ್ಲಿ ನಿಂತು ಕಳುಹಿಸುವ ಸನ್ನಿವೇಶ. ಫೋನಿನಲ್ಲಿ "ತನನ ತನನ" ಎಂದು ತಾವೇ ಹಾಡಿದ್ದ ಟ್ಯೂನ್ ಕೇಳಿಸಿ, ಇದಕ್ಕೆ ಪದ ಕೂರಿಸಲು ಆಗುತ್ತದೆಯೇ ಎಂದು ಕೇಳಿದರು. ಆಗುತ್ತದೆ, ಎಷ್ಟು ಕೊಡುತ್ತೀರಿ ಎಂದೆ. ಹೊಸಬರಿಗೆ ಪರದೆಯ ಮೇಲೆ ಹೆಸರು ಬರುವುದೇ ದೊಡ್ಡದು ಎಂದು ಅವರು ರಾಗ ಎಳೆದರು.

"ನಿಮ್ಮ ಕೋಟಿಗೆ ಇಸ್ತ್ರಿ ಮಾಡ್ದಾಗ ನನ್ನ ಹೆಸರು ಹಾಕಿ ಅಂದ್ನಾ ಸರ್? ದುಡ್ಡು ತಗೊಂಡೆ ತಾನೇ?" ಎಂದೆ.

ಅವರು ನಕ್ಕುಬಿಟ್ಟರು. ಕೊನೆಗೆ ಒಂದು ಮಾತಿಗೆ ಬಂದೆವು. ಗಾಯಕಿ ಹಾಡಿ, ರೆಕಾರ್ಡಿಂಗ್ ಮುಗಿದರೆ ನನ್ನ ಎರಡು ತಿಂಗಳ ಸಂಬಳದಷ್ಟು ಹಣ. ಹಾಡು ಗಾಯಕಿಯ ಬಾಯಲ್ಲಿ ಕೂರದಿದ್ದರೆ ಏನೂ ಇಲ್ಲ. ಅದೇ ಟ್ಯೂನಿಗೆ ಪಳಗಿದ ಕವಿಯೊಬ್ಬರು ಬರೆದ ಹಾಡೂ ತಮ್ಮ ಬಳಿ ಇದೆ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

ಒಂದು ವಾರ ಗುನುಗಿ ಗುನುಗಿ ಬರೆದೆ. ಪಲ್ಲವಿಯ ಮೊದಲ ಎರಡು ಸಾಲು ಹೊಳೆದ ದಿನ ಯಾರದೋ ಪ್ಯಾಂಟಿಗೆ ಮೂರು ಗೆರೆ ಬಂದವು.

"ಹೊಸ್ತಿಲಾಚೆ ಹೆಜ್ಜೆಯಿಟ್ಟ ಹರುಷದೊಂದು ಹಾಡಿಗೆ
ಹಗಲಿಗಿಂತ ಹೊಳೆವ ನಿನ್ನ ಹೆಗಲಿಗೊಂದು ಹಾರೈಕೆ."

ಎರಡು ಸಾಲಿನಲ್ಲಿ ಎಂಟು ಪದ ಹಕಾರದಿಂದಲೇ ಶುರುವಾಗುತ್ತಿದ್ದವು. ಬೆರಳು ಮಡಚಿ ಎಣಿಸಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ರೆಕಾರ್ಡಿಂಗ್ ಸ್ಟುಡಿಯೋ ಎಂದರೆ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ. ಗೋಡೆಯ ತುಂಬ ಮೊಟ್ಟೆಯ ಖಾಲಿ ಟ್ರೇಗಳನ್ನು ಅಂಟಿಸಿದ್ದರು. ಸದ್ದಾಗಬಾರದೆಂದು ಫ್ಯಾನು ನಿಲ್ಲಿಸಿದ್ದರಿಂದ ಬೆಳಿಗ್ಗೆ ಹನ್ನೊಂದಕ್ಕೇ ಎಲ್ಲರೂ ಬೆವರುತ್ತಿದ್ದೆವು. ಗಾಜಿನ ಆಚೆ ಗಾಯಕಿ ಕೈಗಡಿಯಾರ ಬಿಚ್ಚಿಟ್ಟು, ಫ್ಲಾಸ್ಕಿನಿಂದ ಬಿಸಿನೀರು ಕುಡಿದು ನಿಂತರು. ತಲೆ ನರೆತ ಹೆಂಗಸು, ಮೂವತ್ತು ವರ್ಷ ಹಾಡಿದ ಗಂಟಲು. ಕಾಗದ ಓದಿ ಚೆನ್ನಾಗಿದೆ ಎಂದು ತಲೆದೂಗಿದಾಗ ನಾನು ನೆಲ ಬಿಟ್ಟು ಒಂದು ಗೇಣು ಮೇಲೆದ್ದಿದ್ದೆ.

ಮೊದಲ ಸಾಲು ದಾಟಿದರು. ಎರಡನೆಯ ಸಾಲಿನ ನಡುವೆ ದನಿ ಸೋತು ನಿಂತಿತು. ಮತ್ತೆ ಹಾಡಿದರು, ಮತ್ತೆ ಅಲ್ಲೇ ನಿಂತರು. ಮೂರನೆಯ ಸಲ ಕಿವಿಯ ಹೆಡ್‌ಫೋನ್ ತೆಗೆದು ನನ್ನ ಕಡೆ ನೋಡಿದರು.

"ಇದನ್ನ ನೀವು ಬಾಯಿಬಿಟ್ಟು ಹಾಡಿ ನೋಡಿದೀರಾ ಅಮ್ಮ? ಒಂದೊಂದು ಹಕಾರಕ್ಕೂ ಎದೇಲಿರೋ ಗಾಳಿ ಖಾಲಿಯಾಗುತ್ತೆ. ಮಧ್ಯದಲ್ಲಿ ಉಸಿರು ತಗೊಳ್ಳೋಕೂ ಜಾಗ ಇಲ್ಲ."

ನಾನು ಹಾಡಿ ನೋಡಿರಲಿಲ್ಲ. ತುಟಿ ಮುಚ್ಚಿ ಗುನುಗುವವಳಿಗೆ ಯಾವ ಅಕ್ಷರವೂ ಭಾರವಲ್ಲ, ಉಸಿರಿಗೆ ಮೂಗು ಇದ್ದೇ ಇರುತ್ತದೆ. ಇಪ್ಪತ್ತು ವರ್ಷ ಬರೆದೂ ಈ ಸಣ್ಣ ವಿಷಯ ನನಗೆ ತಿಳಿಯಲಿಲ್ಲವಲ್ಲ ಎಂದು ನಾಚಿಕೆಯಿಂದ ಮುಖ ಬಿಸಿಯಾಯಿತು. ಸಂಗೀತದವರು ಏನೂ ಬೈಯಲಿಲ್ಲ. ಸುಮ್ಮನೆ ಮೇಜಿನ ಖಾನೆ ಎಳೆದು ಆ ಕವಿಯ ಹಾಡನ್ನು ಹೊರಗೆ ತೆಗೆದರು. ಬೈದಿದ್ದರೇ ವಾಸಿಯಿತ್ತು.

ಹತ್ತು ನಿಮಿಷ ಕೊಡಿ ಎಂದೆ. ಬಾಡಿಗೆ ಗಂಟೆಯ ಲೆಕ್ಕದಲ್ಲಿ ಓಡುತ್ತಿದೆ ಎಂದರು. ಹತ್ತೇ ನಿಮಿಷ ಎಂದು ಹಟ ಹಿಡಿದೆ. ಗಾಯಕಿ ಹೇಗೂ ಗಂಟಲು ಆರಿದೆ, ನೀರು ಕುಡಿಯುತ್ತೇನೆ ಎಂದು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಆ ತಾಯಿಗೆ ಮನಸ್ಸಿನಲ್ಲೇ ಕೈಮುಗಿದೆ.

ನಾನು ಕಾಗದ ಮುಟ್ಟಲಿಲ್ಲ. ಪದಗಳಿಲ್ಲದೆ ಬರೀ "ತನನ"ದಲ್ಲೇ ಒಂದು ಸಲ ಹಾಡುತ್ತೀರಾ ಎಂದು ಅವರನ್ನು ಕೇಳಿ, ಗಾಜಿಗೆ ಹಣೆ ಒತ್ತಿ ಅವರ ಭುಜಗಳನ್ನೇ ನೋಡಿದೆ. ಮೊದಲ ಸಾಲಿನ ಮುಕ್ಕಾಲು ದಾರಿಯಲ್ಲಿ ಭುಜ ತುಸು ಮೇಲೆದ್ದಿತು. ಎರಡನೆಯ ಸಾಲಿನ ನಡುವೆ ಮತ್ತೆ ಎದ್ದಿತು. ಅವರಿಗೆ ಉಸಿರು ಬೇಕಾದದ್ದು ಅಲ್ಲಿ, ನಾನು ಪದ ತುರುಕಿದ್ದೂ ಅಲ್ಲೇ. ಕಾರಿಡಾರಿಗೆ ಹೋಗಿ ಬಾಗಿಲು ಹಾಕಿಕೊಂಡು, ಜೀವನದಲ್ಲಿ ಮೊದಲ ಸಲ ನನ್ನ ಹಾಡನ್ನು ಗಂಟಲೆತ್ತಿ ಹಾಡಿದೆ. ಕೆಳಗಿನ ಸೈಕಲ್ ಅಂಗಡಿಯಲ್ಲಿ ಸುತ್ತಿಗೆಯ ಸದ್ದು ನಿಂತಿತು. ನಿಲ್ಲಲಿ ಎಂದುಕೊಂಡು ಇನ್ನೂ ಜೋರಾಗಿ ಹಾಡಿದೆ. ಎದೆ ಬರಿದಾದಲ್ಲೆಲ್ಲ ಪದ ಕಿತ್ತೆಸೆದೆ. ಎಂಟು ಹಕಾರಗಳೂ ಹೋದವು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಒಳಗೆ ಹೋಗಿ ಹೊಸ ಸಾಲು ಕೊಟ್ಟೆ.

"ಬಾಗಿಲಾಚೆ ಕಾಲನಿಟ್ಟೆ, ಮಗಳೇ,
ತಿರುಗಿ ನೋಡಬೇಡ ನೀನು, ನಾನು ಇಲ್ಲೆ ಇರುವೆ."

ಗಾಯಕಿ ಓದಿ ಹೆಡ್‌ಫೋನ್ ಹಾಕಿಕೊಂಡರು. ಕಣ್ಣು ಮುಚ್ಚಿ ಶುರುಮಾಡಿದರು. "ಮಗಳೇ" ಎಂದಾದ ಮೇಲೆ ಉಸಿರು ಎಳೆದುಕೊಂಡಾಗ, ಬಾಗಿಲಲ್ಲಿ ನಿಂತ ಸಿನಿಮಾದ ತಾಯಿಯೇ ಅಳು ನುಂಗಿಕೊಂಡಂತೆ ಕೇಳಿಸಿತು. ನಾನು ಅದನ್ನು ಬರೆದಿರಲಿಲ್ಲ, ಅದಕ್ಕೆ ಜಾಗವನ್ನಷ್ಟೇ ಬಿಟ್ಟಿದ್ದೆ. ಪಲ್ಲವಿಯನ್ನು ಒಂದೇ ಓಟಕ್ಕೆ ಹಾಡಿ ಮುಗಿಸಿದರು. ಸಂಗೀತದವರು ಕವಿಯ ಕಾಗದವನ್ನು ಖಾನೆಗೆ ಹಾಕಿ ಮೊಣಕಾಲಿನಿಂದ ತಳ್ಳಿ ಮುಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಚರಣಗಳನ್ನೂ ಹೀಗೇ ತಿದ್ದಿ, ಇಡೀ ಹಾಡು ರೆಕಾರ್ಡ್ ಆಯಿತು.

ಹಣ ಕೊಡುವಾಗ ಅವರು ರಸೀದಿ ಪುಸ್ತಕ ತೆಗೆದು ಬರೆದು ನನ್ನ ಮುಂದೆ ಇಟ್ಟರು. ಯಾತಕ್ಕೆ ಎಂಬ ಸಾಲಿನಲ್ಲಿ "ಸ್ಟುಡಿಯೋ ಸಹಾಯಕ್ಕಾಗಿ" ಎಂದಿತ್ತು. ಹೆಸರಿಲ್ಲದ ಹೊಸಬರಿಗೆ ಇಷ್ಟು ಕೊಟ್ಟರೆ ನಿರ್ಮಾಪಕರು ಪ್ರಶ್ನೆ ಕೇಳುತ್ತಾರೆ, ಹೀಗೆ ಬರೆದರೆ ತೊಂದರೆಯಿಲ್ಲ, ಹಣವಂತೂ ಅಷ್ಟೇ ತಾನೇ ಎಂದರು. ನೋಟುಗಳು ಮೇಜಿನ ಮೇಲೇ ಇದ್ದವು, ಮನೆಯಲ್ಲಿ ಅವಕ್ಕೆ ಕಾದಿದ್ದ ಖರ್ಚೂ ಬೇಕಾದಷ್ಟಿತ್ತು. ಆದರೂ ನಾನು ಪೆನ್ನು ಕೆಳಗಿಟ್ಟೆ.

"ಸಹಾಯ ಇಪ್ಪತ್ತು ವರ್ಷದಿಂದ ಎಲ್ಲರಿಗೂ ಮಾಡ್ತಾ ಬಂದಿದೀನಿ ಸರ್. ಇವತ್ತು ಮಾಡಿದ್ದು ಕೆಲಸ. ಅದನ್ನೇ ಬರೀರಿ."

ಗಾಯಕಿ ಗಡಿಯಾರ ಕಟ್ಟಿಕೊಳ್ಳುತ್ತಾ, ಅಮ್ಮ ಸರಿಯಾಗೇ ಹೇಳುತ್ತಿದ್ದಾರೆ ಎಂದರು. ಸಂಗೀತದವರು ಒಮ್ಮೆ ಅವರನ್ನೂ ಒಮ್ಮೆ ನನ್ನನ್ನೂ ನೋಡಿ, ಆ ಹಾಳೆಯನ್ನು ಹರಿದರು. ಹೊಸ ಹಾಳೆಯಲ್ಲಿ "ಗೀತರಚನೆಗೆ ಸಂಭಾವನೆ" ಎಂದು ಬರೆದರು. ಎರಡು ಸಲ ಓದಿ ಸಹಿ ಹಾಕಿದೆ. ನೋಟುಗಳನ್ನು ಎಣಿಸಿಕೊಂಡು, ಮುಂದಿನ ಹಾಡಿಗೆ ಇದಕ್ಕಿಂತ ಹೆಚ್ಚಾಗುತ್ತದೆ ಎಂದು ಹೇಳಿಯೇ ಮೆಟ್ಟಿಲಿಳಿದೆ.